ಹಿಡಿದವರ ಎಣಿಕೆ

ಸತ್ತವರು ಮಾತಾಡುತ್ತಾರೆ ಎಂಬುದಕ್ಕೆ ಜನ ಒಂದೇ ವರ್ಷದಲ್ಲಿ ಹೊಂದಿಕೊಂಡರು. ತಡವಾಗಿ ಮಾತಾಡುತ್ತಾರೆ ಎಂಬುದಕ್ಕೆ ಮಾತ್ರ ಯಾರೂ ಹೊಂದಿಕೊಳ್ಳಲಿಲ್ಲ.

ಬದುಕಿದ್ದಾಗ ಗಂಡನಾದವನು, ಉಪ್ಪು ಸಾಕೇ ಎಂಬ ಪ್ರಶ್ನೆಗೆ ಪೇಪರಿನಿಂದ ತಲೆಯೆತ್ತಲು ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದ. ಹೆಂಡತಿ ಚಕಾರ ಎತ್ತಿರಲಿಲ್ಲ. ಸತ್ತ ಮೇಲೆ ಅವನು ನಾಲ್ಕು ಸೆಕೆಂಡು ಸುಮ್ಮನಾದರೆ ಸರ್ಕಾರಕ್ಕೆ ದೂರು ಹೋಗುತ್ತಿತ್ತು. ಆ ದೂರುಗಳೆಲ್ಲ ಕೊನೆಗೆ ಬಂದು ಬೀಳುತ್ತಿದ್ದದ್ದು ಹೊನ್ನಹಟ್ಟಿಯ ಮುಚ್ಚಿದ ಚಿನ್ನದ ಗಣಿಯೊಳಗೆ, ನೆಲದಿಂದ ಆರುನೂರು ಅಡಿ ಕೆಳಗೆ, ಹುಲಿಗೆಮ್ಮನ ಮೇಜಿನ ಮೇಲೆ.

ವ್ಯವಸ್ಥೆಯ ಹೆಸರು ನುಡಿಗೂಡು. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಫೋನಿನಲ್ಲಿ ಆಡಿದ ಮಾತು, ಜಗಳ, ಚೌಕಾಸಿ, ಸುಳ್ಳು ಎಲ್ಲವನ್ನೂ ಒಂದು ಕಡತವಾಗಿ ಕಟ್ಟಿ ಗಣಿಯ ಯಂತ್ರದಲ್ಲಿ ಇಡುತ್ತಿದ್ದರು. ಮನೆಯಲ್ಲಿ ಒಂದೊಂದು ಕೋಣೆಗೆ ಒಂದು ಪುಟ್ಟ ಪೆಟ್ಟಿಗೆ. ಕಂಠ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಮಾತು ಮಾತ್ರ ಗಣಿಯ ಕಡತದಿಂದ ಬರುತ್ತಿತ್ತು. ಗಣಿಯೇ ಯಾಕೆ ಎಂದರೆ ಕೆಳಗೆ ಯಂತ್ರಗಳಿಗೆ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು, ಮೇಲೆ ಮಂತ್ರಿಗಳು ರಿಬ್ಬನ್ ಕತ್ತರಿಸಲು ಮೈದಾನವಿತ್ತು. ಮೂರು ಸಲ ಕತ್ತರಿಸಿದ್ದರು.

ಕಾನೂನು ಸರಳವಾಗಿತ್ತು. ಸತ್ತವರಿಗೂ ಹೋಗುವ ಹಕ್ಕಿದೆ. ಆದ್ದರಿಂದ ವರ್ಷ ತುಂಬಿದ ದಿನ ಕಡತದ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಹೊಸಬರು ಯಾರೂ ಅದನ್ನು ತೆರೆಯುವಂತಿಲ್ಲ. ಆಗಲೇ ಹಿಡಿದುಕೊಂಡವರು ಮಾತ್ರ ತಾವಾಗಿ ಬಿಡುವ ತನಕ ಮಾತಾಡಬಹುದು. ಕೊನೆಯವರು ಬಿಟ್ಟ ಕ್ಷಣ ಕಡತ ಅಳಿಯುತ್ತದೆ, ಅದರ ಜಾಗ ಮುಂದೆ ಸತ್ತವರಿಗೆ ಹೋಗುತ್ತದೆ.

ಹಾಗಾಗಿ ಪ್ರತಿ ಕಡತದ ತಲೆಯ ಮೇಲೆ ಒಂದು ಸಂಖ್ಯೆ: ಎಷ್ಟು ಜನ ಹಿಡಿದಿದ್ದಾರೆ. ಹಿಡಿದರೆ ಒಂದು ಕೂಡು, ಬಿಟ್ಟರೆ ಒಂದು ಕಳೆ. ಇಷ್ಟು ಸಣ್ಣ ಸಂಖ್ಯೆಯೇ ರಾಜ್ಯವನ್ನೆಲ್ಲ ಕಾಯಿಸುತ್ತಿದ್ದದ್ದು. ಗಣಿಯ ಯಂತ್ರದಲ್ಲಿ ಐನೂರ ಹನ್ನೆರಡು ಕೋರುಗಳಿದ್ದವು. ಐನೂರ ಹನ್ನೆರಡು ಗುಮಾಸ್ತರು ಎಂದುಕೊಳ್ಳಿ. ಒಬ್ಬೊಬ್ಬನ ಮಗ್ಗುಲಲ್ಲಿ ಅವನದೇ ಒಂದು ಪುಟ್ಟ ಸ್ಲೇಟು, ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಸಂಖ್ಯೆಯನ್ನು ತಿದ್ದಬೇಕಾದವನು ಅದನ್ನು ತನ್ನ ಸ್ಲೇಟಿಗೆ ತರಿಸಿಕೊಳ್ಳಬೇಕು. ತರಿಸಿಕೊಂಡ ಕೂಡಲೇ ಉಳಿದವರ ಸ್ಲೇಟಿನಲ್ಲಿರುವುದು ಸುಳ್ಳಾಗುತ್ತದೆ. ಮಹಾಲಯ ಅಮಾವಾಸ್ಯೆಯ ದಿನ ಒಬ್ಬ ಗಣಿತದ ಮೇಷ್ಟ್ರನ್ನು, ಅವರು ಬದುಕಿದ್ದಾಗ ಒಂದು ಮಾತನ್ನೂ ಕೇಳಿಸಿಕೊಳ್ಳದ ಹನ್ನೊಂದು ಸಾವಿರ ಶಿಷ್ಯರು ಒಟ್ಟಿಗೆ ಕರೆದರು. ಸಂಖ್ಯೆ ಒಂದು ಸ್ಲೇಟಿನಿಂದ ಇನ್ನೊಂದಕ್ಕೆ ಓಡುವುದರಲ್ಲೇ ದಿನ ಕಳೆಯಿತು. ಮೇಷ್ಟ್ರು ಬಾಯಿ ಬಿಡಲಿಲ್ಲ.

ಅದನ್ನು ಸರಿಪಡಿಸುವ ಕೆಲಸ ಹುಲಿಗೆಮ್ಮನದಾಗಿತ್ತು. ಆ ಯಂತ್ರದ ಕರ್ನಲ್ಲು, ಎಂದರೆ ಉಳಿದೆಲ್ಲ ತಂತ್ರಾಂಶದ ಕೆಳಗೆ ಕೂತು ಕಡತಗಳ ಬಾಗಿಲು ಕಾಯುವ ಭಾಗ, ಅವಳ ಕೈಯಲ್ಲಿತ್ತು. ಉಪಾಯ ಹೊಳೆದದ್ದು ಗಣಿಯ ಬಾಗಿಲಲ್ಲಿ. ಕೆಳಗಿಳಿಯುವ ಪ್ರತಿಯೊಬ್ಬರೂ ಇಂದಿಗೂ ತಮ್ಮ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ನೇತುಹಾಕಬೇಕು, ಮೇಲೆ ಬಂದಾಗ ತೆಗೆಯಬೇಕು. ಹಲಗೆಯಲ್ಲಿ ಬಿಲ್ಲೆಯಿದ್ದರೆ ಆಳು ಕೆಳಗಿದ್ದಾನೆ ಎಂದರ್ಥ. ಬಿಲ್ಲೆ ಕಾಯುವ ದಾದಾಪೀರ್ ಗಣಿಯ ಕಾಲದವನು. ಒಂದು ಕಾಲಕ್ಕೆ ಪಾಳಿ ಬದಲಾಗುವ ಹೊತ್ತಿನ ನೂಕಾಟ ತಪ್ಪಿಸಲು ಗಣಿಯೊಳಕ್ಕೆ ಇಳಿಯುವ ಮೂರು ಬಾವಿಗೆ ಮೂರು ಹಲಗೆ ಹಾಕಿದ್ದರೆಂದು ಅವನು ಹೇಳಿದ್ದ. ಯಾರು ಯಾವ ಬಾವಿಯಲ್ಲಿ ಇಳಿದರೂ ಚಿಂತೆಯಿಲ್ಲ, ಮೂರನ್ನೂ ಕೂಡಿಸಿದರೆ ಲೆಕ್ಕ ಸರಿ. ಅವಳು ಅಂದೇ ಕೆಳಗಿಳಿದು ಒಂದು ಸಂಖ್ಯೆಯನ್ನು ಐನೂರ ಹನ್ನೆರಡು ಮಾಡಿದಳು. ಒಬ್ಬೊಬ್ಬ ಗುಮಾಸ್ತನಿಗೆ ಅವನದೇ ಲೆಕ್ಕ. ಯಾರದನ್ನು ಯಾರೂ ಕೇಳುವಂತಿಲ್ಲ. ಯಾರಾದರೂ ಬಿಟ್ಟಾಗ, ಆಮೇಲೂ ಆಗಾಗ, ಹಿಡಿದವರು ಇನ್ನೂ ಇದ್ದಾರೋ ಇಲ್ಲವೋ ತಿಳಿಯಲು, ಒಂದರಿಂದ ಐನೂರ ಹನ್ನೆರಡರವರೆಗೆ ಕೂಡಿಸುತ್ತ ಹೋದರಾಯಿತು.

ಜೊತೆಗೆ ಇನ್ನೊಂದನ್ನೂ ತೆಗೆದಳು. ಮಾತಾಡುತ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಹಿಡಿತ ಹಳೆಯ ಪೆಟ್ಟಿಗೆಯಿಂದ ಹೊಸ ಪೆಟ್ಟಿಗೆಗೆ ದಾಟುತ್ತದೆ. ದಾಟುವ ಆ ಚಣದಲ್ಲಿ ಆ ಜಾಗದಲ್ಲಿರುವ ಸತ್ತವರು ಬದಲಾಗಿರಬಹುದು ಎಂಬ ಭಯಕ್ಕೆ ಕರ್ನಲ್ಲು ಪ್ರತಿ ಸಲವೂ ಅವರ ಹೆಸರು ಹೇಳಿಸಿ ತಾಳೆ ನೋಡುತ್ತಿತ್ತು. ಇದು ಸಮಯ ತಿನ್ನುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹಿಡಿದವರಲ್ಲಿ ಅರ್ಧ ಜನ ವಿಧವೆಯರು. ಅವರು ನಲವತ್ತು ವರ್ಷ ಗಂಡನ ಹೆಸರು ಬಾಯಲ್ಲಿ ಆಡಿದವರಲ್ಲ, ಈಗ ಅಡುಗೆಮನೆಯಿಂದ ಹಿತ್ತಲಿಗೆ ಹೋದಾಗಲೆಲ್ಲ ಆಡು ಎಂದರೆ ಹೇಗೆ? ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. 'ಜನರ ಸಂಪ್ರದಾಯಕ್ಕೆ ಅನುಗುಣವಾಗಿ' ತಾಳೆಯನ್ನು ಕೈಬಿಡಲಾಗಿದೆ ಎಂದು ಸಮಿತಿ ನಡಾವಳಿಯಲ್ಲಿ ಬರೆಯಿತು. ಮೇಷ್ಟ್ರು ಥಟ್ಟನೆ ಮಾತಾಡತೊಡಗಿದರು. ಹುಲಿಗೆಮ್ಮನಿಗೆ ಶಾಲು ಹೊದಿಸಿದರು.

*

ಭಾನುವಾರ ಅವಳು ಅತ್ತಿಗೆಯ ಮನೆಗೆ ಊಟಕ್ಕೆ ಹೋಗುತ್ತಿದ್ದಳು. ಅಣ್ಣ ಅಮರೇಶ ವೈರ್‌ಮನ್ ಆಗಿದ್ದ. ಎಲ್ಲರೂ ಅಂದುಕೊಂಡಂತೆ ಕಂಬದ ಮೇಲೆ ಸಾಯದೆ ಜಾಂಡೀಸಿನಿಂದ ಸತ್ತು ಮೂರು ವರ್ಷವಾಗಿತ್ತು. ಪಟ್ಟಿಯಿಂದ ಅವನ ಹೆಸರು ತೆಗೆದು ಎರಡು ವರ್ಷ. ಇಲಾಖೆಯವರು ಯಾರನ್ನೂ ಹಿಡಿದಿರಬಾರದೆಂಬ ನಿಯಮಕ್ಕೆ ಹುಲಿಗೆಮ್ಮ ಬೇಗನೆ ಬಿಟ್ಟಿದ್ದಳು. ನಿಯಮ ಇದ್ದದ್ದು ಒಳ್ಳೆಯದಾಯಿತೆಂದೂ ಒಳಗೊಳಗೆ ಅನಿಸಿತ್ತು. ಈಗ ಅವನನ್ನು ಹಿಡಿದವಳು ದೇವಮ್ಮ ಒಬ್ಬಳೇ.

ದೇವಮ್ಮ ರೊಟ್ಟಿ ಬಡಿಯುತ್ತ, ಮೂಲೆಯ ಮಾಡದಲ್ಲಿದ್ದ ಪೆಟ್ಟಿಗೆಗೂ ನಾದಿನಿಗೂ ಒಟ್ಟಿಗೆ ಹೇಳುವಂತೆ ಗೊಣಗಿದಳು: "ಈ ಜಂಪರಿನ ತೋಳು ಭಾಳ ಬಿಗಿ ಆಗೇತಿ. ಕೈ ಎತ್ತಾಕs ಬರವಲ್ದು."

"ಕಂಕುಳಾಗ ಅರ್ಧ ಇಂಚು ಬಿಚ್ಚು," ಎಂದಿತು ಮಾಡದಿಂದ ಅಣ್ಣನ ಕಂಠ. "ಒಳಗ ಮಡಚಿದ್ದು ಬಿಟ್ಟಿರ್ತಾರ. ಕತ್ತರಿ ಹಚ್ಚಬ್ಯಾಡ ಮತ್ತ, ಬ್ಲೇಡಿಲೆ ಒಂದೊಂದs ಟಾಕಿ ಬಿಚ್ಚು."

ಹುಲಿಗೆಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಂಗಿಯ ಗುಂಡಿ ಹೋದರೆ ತಾಮ್ರದ ತಂತಿ ಸುತ್ತಿಕೊಂಡು ಹೋಗುತ್ತಿದ್ದವನು ಅಣ್ಣ.

"ಅಣ್ಣಗ ಹೊಲಿಗಿ ಯಾವಾಗ ಬಂತs ಅತ್ತಿಗಿ?"

"ಪುರುಸೊತ್ತು ಸಿಕ್ಕೇತಿ, ಕಲ್ತಿರಬೇಕು." ದೇವಮ್ಮ ರೊಟ್ಟಿಯನ್ನು ಮಗುಚಿದಳು. "ಉಣ್ಣು. ನಿಮ್ಮ ಆಫೀಸಿನ್ಯಾಗ ಹಸಿವಿ ಬಿಟ್ಟು ಎಲ್ಲಾ ಕೊಡತಾರ."

ಮರುದಿನ ಬೆಳಿಗ್ಗೆ ಹುಲಿಗೆಮ್ಮ ಕೆಳಗಿಳಿದು, ಅತ್ತಿಗೆಯ ಪೆಟ್ಟಿಗೆ ಯಾವ ಜಾಗದಿಂದ ಮಾತು ತರುತ್ತಿದೆಯೋ ಆ ಜಾಗದ ತಲೆಬರಹ ತೆಗೆದು ನೋಡಿದಳು. ಅಲ್ಲಿ ಅಮರೇಶ ಇರಲಿಲ್ಲ. ತುಕಾರಾಮ ಬೋರಗಾವೆ, ಟೇಲರ್, ನಿಪ್ಪಾಣಿ ಎಂದಿತ್ತು. ಜಾಗ ಅವನಿಗೆ ಸಿಕ್ಕಿ ಹದಿನಾಲ್ಕು ತಿಂಗಳು. ಅದಕ್ಕೂ ಮುಂಚೆ ಅಲ್ಲಿದ್ದ ಕಡತ, ಹಿಡಿದವರು ಯಾರೂ ಇಲ್ಲವೆಂದು, ನಿಯಮದ ಪ್ರಕಾರ ಅಳಿದುಹೋಗಿತ್ತು.

ಹಿಡಿದವರು ಇದ್ದರು. ಒಂದು ದಿನವೂ ಬಿಟ್ಟಿರಲಿಲ್ಲ. ಅವಳು ಮಧ್ಯಾಹ್ನದ ತನಕ ತನ್ನದೇ ಬರವಣಿಗೆಯನ್ನು ಸಾಲುಸಾಲಾಗಿ ಓದಿದಳು. ಪ್ರತಿ ಸಾಲೂ ಸರಿಯಾಗಿತ್ತು. ಅದೇ ಭಯ ಹುಟ್ಟಿಸಿತು.

*

ಮೇಲೆ ಬಂದು ಬಿಲ್ಲೆ ತೆಗೆಯುವಾಗ ದಾದಾಪೀರ್ ಕನ್ನಡಕದ ಮೇಲಿನಿಂದ ನೋಡಿದ. "ಏನs ಬೇಟಿ, ಮುಖಕ್ಕ ಸುಣ್ಣ ಹಚ್ಚಿದಂಗ ಆಗೇತಿ? ಕೆಳಗ ಯಾರರ ಎದ್ದು ಬಂದ್ರೇನು?"

"ಚಾಚಾ, ಮೂರು ಹಲಗಿ ಇದ್ವು ಅಂದಿದ್ರಿ. ಈಗ ಒಂದs ಐತಲ್ಲ. ಉಳಿದ ಎರಡು ಯಾಕ ತೆಗದ್ರಿ?"

ದಾದಾಪೀರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅದು ಮುಗಿಯುವ ಕೆಲಸದಂತೆ ಕಾಣಲಿಲ್ಲ.

"ಹಾಕಿದ್ದು ಹೆಂಗ ಅಂತ ಕೇಳಿದ್ದಿ. ತೆಗದದ್ದು ಯಾಕ ಅಂತ ಅವತ್ತು ಕೇಳ್ಲಿಲ್ಲ ನೀನು."

"ಈಗ ಕೇಳ್ತೀನಿ."

"ಏಳನೇ ಅಂತಸ್ತಿಗೆ ನೀರು ಬಿಟ್ಟು ಮುಚ್ಚೋದಿತ್ತು. ಕೆಳಗ ಯಾರೂ ಇಲ್ಲ ಅಂತ ಎಣಿಸಿ ಹೇಳೋದು ನನ್ನ ಕೆಲಸ. ಸೈಕಲ್ ತಗೊಂಡು ಹ್ವಾದೆ. ಒಂದನೇ ಬಾವಿ ಹಲಗಿ ನೋಡಿದೆ, ಖಾಲಿ. ಎರಡನೇದು, ಖಾಲಿ. ಮೂರನೇದು, ಖಾಲಿ. ಸಹಿ ಹಾಕಿದೆ. ನೀರು ಬಿಟ್ರು."

"ಮತ್ತ?"

"ಯಂಕೋಬ ಅಂತ ಇದ್ದ. ನಾ ಎರಡನೇದರಾಗ ಇದ್ದಾಗ ಆತ ಮೂರನೇ ಬಾವಿಲೆ ಮ್ಯಾಲ ಬಂದು ಬಿಲ್ಲಿ ತಗೊಂಡಾನ. ಬುತ್ತಿ ಡಬ್ಬಿ ಮರ್ತಿದ್ದು ನೆನಪಾಗೇತಿ. ಮನ್ಯಾಗ ಬೈತಾರಂತ, ಡಬ್ಬಿ ಇದ್ದಲ್ಲಿಗೆ ಸಮೀಪ ಅಂತ, ಒಂದನೇ ಬಾವಿಗೆ ಓಡಿ, ಅಲ್ಲಿ ಬಿಲ್ಲಿ ಹಾಕಿ ಮತ್ತ ಇಳದಾನ. ನಾ ಅದನ್ನ ನೋಡಿ ಬಂದಾಗಿತ್ತಲ್ಲ." ಅವನು ಕನ್ನಡಕ ಹಾಕಿಕೊಂಡ. "ನಾ ನೋಡಿದಾಗ ಮೂರೂ ಹಲಗಿ ಖಾಲಿನ. ಸುಳ್ಳು ಹೇಳ್ಲಿಲ್ಲ ನಾನು. ಮರುದಿನ ಒಂದನೇದರಾಗ ಒಂದು ಬಿಲ್ಲಿ ನೇತಾಡ್ತಿತ್ತು."

ಹುಲಿಗೆಮ್ಮ ಅಲ್ಲೇ ಬೆಂಚಿನ ಮೇಲೆ ಕೂತಳು. ಅವಳ ಕರ್ನಲ್ಲು ಸೈಕಲ್ಲಿನ ಮೇಲೆ ಹೊರಟಿದ್ದು ಅವಳಿಗೆ ಕಾಣುತ್ತಿತ್ತು. ಮೂರನೇ ಗುಮಾಸ್ತನದು ನೋಡಿ ಸೊನ್ನೆ ಎಂದು ಬರೆದುಕೊಂಡು ಮುಂದೆ ಹೋಗಿದೆ. ಆಮೇಲೆ ದೇವಮ್ಮ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿದ್ದಾಳೆ. ನಾನೂರನೆಯವನಲ್ಲಿ ಬಿಟ್ಟು ಮೂರನೆಯವನಲ್ಲಿ ಹಿಡಿದಿದ್ದಾಳೆ. ನಾನೂರಕ್ಕೆ ಬಂದಾಗ ಅಲ್ಲೂ ಸೊನ್ನೆ. ಒಟ್ಟು ಸೊನ್ನೆ. ಅಳಿಸು. ಹೊಸ್ತಿಲಲ್ಲಿ ಹೆಸರು ಕೇಳುವವರಿದ್ದರೆ ಅತ್ತಿಗೆಗೆ ಕೂಡಲೇ ತಿಳಿಯುತ್ತಿತ್ತು. ಅದನ್ನು ತೆಗೆದುಹಾಕಿದ್ದಕ್ಕೆ ಶಾಲು ಸಿಕ್ಕಿತ್ತು.

"ಆಮ್ಯಾಲ ಏನು ಮಾಡಿದ್ರಿ?"

"ಎರಡು ಬಾಗ್ಲಾ ಮುಚ್ಚಿಸಿದ್ರು. ಎಲ್ಲಾರೂ ಒಂದs ಬಾಗ್ಲಾಗ, ಹೆಸರು ಹೇಳಿ ಬಿಲ್ಲಿ ತಗೋಬೇಕು. ನೂಕಾಟ ಆತು, ಬೈದಾಟ ಆತು. ಆಗ್ಲಿ ಅಂದ್ರು."

ಹುಡುಕಿದಾಗ ಇಂಥವು ನಲವತ್ತೊಂದು ಸಿಕ್ಕವು. ತಪಾಸಣೆಯಲ್ಲಿ ಯಾಕೆ ಬಿದ್ದಿರಲಿಲ್ಲ ಎಂದರೆ ತಪ್ಪು ಎರಡೂ ಕಡೆಗೆ ನಡೆದಿತ್ತು. ಕೆಲವರನ್ನು ಎಣಿಸದೆ ಬಿಟ್ಟಿದ್ದ ಸೈಕಲ್ಲು ಇನ್ನು ಕೆಲವರನ್ನು ಎರಡು ಸಲ ಎಣಿಸಿತ್ತು. ಒಟ್ಟು ಮೊತ್ತ ಚೊಕ್ಕವಾಗಿ ಕೂಡಿತ್ತು. ತುಕಾರಾಮನ ಕಡತದಲ್ಲೇ ಹಾಗಾಗಿತ್ತು. ಅವನ ಮಗ ಎರಡು ತಿಂಗಳ ಹಿಂದೆ, ವರ್ಷ ತುಂಬಿದ ವಾರವೇ ಬಿಟ್ಟಿದ್ದ. ಲೆಕ್ಕದಲ್ಲಿ ಮಾತ್ರ ಒಬ್ಬರು ಹಿಡಿದಿದ್ದಾರೆ ಎಂದು ಉಳಿದಿತ್ತು. ಯಾರೂ ಹಿಡಿಯದ ಸತ್ತವನೊಬ್ಬ, ಲೆಕ್ಕದಲ್ಲೇ ಇಲ್ಲದ ಹೆಂಗಸೊಬ್ಬಳ ಜೊತೆ, ಅವಳ ಗಂಡನ ಕಂಠದಲ್ಲಿ ಮಾತಾಡುತ್ತಿದ್ದ.

ಪರಿಹಾರ ಇನ್ನೇನೂ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಐನೂರ ಹನ್ನೆರಡನ್ನೂ ಮುಚ್ಚಿ ಒಂದೇ ಬಾಗಿಲು. ಹಿಡಿದವರೆಲ್ಲ ಹೆಸರು ಹೇಳಬೇಕು. ತಾಳೆಯಾದರೆ ಎಣಿಕೆಗೆ ಸೇರುತ್ತಾರೆ, ಆಗದಿದ್ದರೆ ಸಂಪರ್ಕ ಕಡಿಯುತ್ತದೆ.

*

ಶುಕ್ರವಾರ ಹನ್ನೊಂದು ಗಂಟೆಗೆ ಹುಲಿಗೆಮ್ಮ ನಿಯಂತ್ರಣ ಕೋಣೆಯಲ್ಲಿ ಇರಬೇಕಿತ್ತು. ಅವಳು ಅತ್ತಿಗೆಯ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಮಾಡಿ ನಿಂತಿದ್ದಳು. ಹೇಳಬೇಕಾದದ್ದನ್ನು ಮೂರು ದಿನ ಕಟ್ಟಿಕೊಂಡಿದ್ದಳು. ಬಾಯಿ ತೆರೆದಾಗ ಒಂದೇ ಸಾಲು ಬಂತು.

"ಅತ್ತಿಗಿ, ಇದು ಅಣ್ಣ ಅಲ್ಲ. ನಾ ಮಾಡಿದ ತಪ್ಪಿಗೆ ಅಣ್ಣ ಹೋಗಿಬಿಟ್ಟಾನ."

ದೇವಮ್ಮ ಕಾಯಿಪಲ್ಲೆ ಸೋಸುತ್ತಿದ್ದಳು. ಒಂದು ಹುಳುಕು ಬದನೆಕಾಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು.

"ಗೊತ್ತೈತಿ."

"ಗೊತ್ತೈತಿ?"

"ಹನ್ನೆರಡು ವರ್ಷ ಸಂಸಾರ ಮಾಡೀನಿ. ಗಂಡ ಹೌದೋ ಅಲ್ಲೋ ನಿನ್ನ ಮಿಷನ್ ಬಂದು ಹೇಳಬೇಕೇನು?" ದೇವಮ್ಮ ಮಾಡದ ಕಡೆ ನೋಡಿ ದನಿ ತಗ್ಗಿಸಿದಳು, ಒಳಗೆ ಯಾರೋ ಮಲಗಿರುವಂತೆ. "ಮೊದಲ ದಿನ ನನಗ ಶೇವಂತಾ ಅಂದ. ಆಕಿ ಈತನ ಹೆಂಡ್ತಿ, ಈತಗಿಂತ ಮೊದಲs ತೀರಕೊಂಡಾಳಂತ. ನಾನs ಆಕಿ ಅಂದ್ಕೊಂಡ. ಸತ್ತ ಮ್ಯಾಲ ಇಬ್ರೂ ಒಂದs ಕಡಿ ಕೂಡೀವಿ ಅಂತ ತಿಳದು ಅಳಾಕ ಹತ್ತಿದ. ಅಲ್ಲಪಾ, ನಾ ಇನ್ನಾ ಬದುಕೀನಿ, ನೀ ತಪ್ಪಿ ಬಂದಿ ಅಂತ ಹೇಳಾಕ ನನಗ ಎಂಟು ದಿನ ಬೇಕಾತು."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಸರಿ ಮಾಡ್ತಿದ್ದಿ."

ಸರಿ ಮಾಡಲೆಂದೇ ಬಂದವಳು ಹುಲಿಗೆಮ್ಮ.

"ಕಂಠ ಅವರದು, ಮಾತು ಈತಂದು," ಎಂದಳು ದೇವಮ್ಮ. "ಅರ್ಧ ಕೇಳ್ತೀನಿ, ಅರ್ಧ ಬಿಡತೀನಿ. ಪೂರಾ ಇಲ್ಲದ್ದಕ್ಕಿಂತ ನಡೀತೈತಿ."

ಹುಲಿಗೆಮ್ಮ ಹೇಳಬೇಕಾದದ್ದನ್ನು ಹೇಳಿದಳು. ಹನ್ನೆರಡಕ್ಕೆ ಪೆಟ್ಟಿಗೆ ಹೆಸರು ಕೇಳುತ್ತದೆ. ಅಣ್ಣನ ಹೆಸರು ಹೇಳಿದರೆ ತಾಳೆಯಾಗದೆ ಕಡಿಯುತ್ತದೆ. ಸುಮ್ಮನಿದ್ದರೂ ಕಡಿಯುತ್ತದೆ.

"ಈತಂದು ಹೇಳಿದ್ರ?"

"ಈತ ಉಳೀತಾನ. ಅಣ್ಣನ ಲೆಕ್ಕ ಅಲ್ಲಿಗೆ ಮುಗೀತೈತಿ, ಅತ್ತಿಗಿ. ನೀ ಅಣ್ಣನ್ನ ಹಿಡಿದಿದ್ದಿ ಅಂತ ಎಲ್ಲೂ ಇರಂಗಿಲ್ಲ."

"ಹೇಳದಿದ್ರ ಈತ?"

"ಬ್ಯಾರೆ ಯಾರೂ ಹಿಡದಿಲ್ಲ. ಮಗ ಬಿಟ್ಟಾನ."

"ಅದಕ್ಕs ದಿನಾ ಕೇಳ್ತಾನ, ಮಾರುತಿ ಯಾಕ ಮಾತಾಡವಲ್ಲ ಅಂತ." ದೇವಮ್ಮ ಸೋಸಿದ ಕಾಯಿಗಳನ್ನು ಮತ್ತೊಮ್ಮೆ ಸೋಸತೊಡಗಿದಳು.

ಹನ್ನೆರಡಾಯಿತು. ಮಾಡದ ಪೆಟ್ಟಿಗೆ, ಯಾರದೂ ಅಲ್ಲದ ಸರ್ಕಾರಿ ದನಿಯಲ್ಲಿ ಕೇಳಿತು: "ನೀವು ಹಿಡಿದಿರುವವರ ಹೆಸರು ಹೇಳಿ."

ದೇವಮ್ಮ ಎದ್ದು ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡಳು. ಅವಳ ಬಾಯಿ ಒಮ್ಮೆ ತೆರೆದು ಮುಚ್ಚಿತು, ಆಡಬಾರದ ಹೆಸರು ನಾಲಗೆಯ ತನಕ ಬಂದು ಹಿಂದಕ್ಕೆ ಹೋದಂತೆ. ಪೆಟ್ಟಿಗೆ ಇನ್ನೊಮ್ಮೆ ಕೇಳಿತು.

"ತುಕಾರಾಮ ಬೋರಗಾವೆ," ಎಂದಳು ದೇವಮ್ಮ, ರೇಷನ್ ಅಂಗಡಿಯಲ್ಲಿ ಹೇಳುವಷ್ಟು ಗಟ್ಟಿಯಾಗಿ. "ನಿಪ್ಪಾಣಿ."

ಹುಲಿಗೆಮ್ಮ ತಲೆಯೆತ್ತಿದಳು.

"ಏನು ನೋಡತಿ? ಹೇಳಾಕೇನು ಅಡ್ಡಿ? ನನ್ನ ಗಂಡ ಅಲ್ಲಲ್ಲ."

ಹುಲಿಗೆಮ್ಮನ ಕೈಯಲ್ಲಿದ್ದ ಫೋನಿನಲ್ಲಿ ಆ ಜಾಗದ ಎಣಿಕೆ ಮೂಡಿತು: ಒಂದು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅದು ನಿಜವಾಗಿತ್ತು.

ದೇವಮ್ಮ ನೆಲದ ಮೇಲೆ ಗೋಡೆಗೊರಗಿ ಕೂತಳು. ಆಮೇಲೆ ಕೇಳಿದಳು: "ಅವರು ಹ್ವಾದದ್ದು ಯಾವತ್ತು?"

"ಮೂರು ವರ್ಷ ಆತಲ್ಲ ಅತ್ತಿಗಿ, ಆಸ್ಪತ್ರ್ಯಾಗ..."

"ಅದಲ್ಲ."

ಹುಲಿಗೆಮ್ಮನಿಗೆ ಅದು ಬಾಯಿಪಾಠವಾಗಿತ್ತು. "ಹೋದ ವರ್ಷ ಆಷಾಢದಾಗ. ಗುರುವಾರ. ಮುಂಜಾನಿ ಹನ್ನೊಂದು ಗಂಟಿ ಇಪ್ಪತ್ತು ನಿಮಿಷ. ಹಿತ್ತಲದ ಪೆಟ್ಟಿಗಿಯಿಂದ ಅಡಿಗಿಮನಿ ಪೆಟ್ಟಿಗಿಗೆ ಬಂದಿದ್ದಿ."

ದೇವಮ್ಮ ಆ ಗುರುವಾರವನ್ನು ಹುಡುಕಿಕೊಂಡು ಹೋದಳು. ಹುಡುಕುವಾಗ ಅವಳ ಬೆರಳು ನೆಲದ ಮೇಲೆ ಸುಮ್ಮನೆ ಆಡುತ್ತಿತ್ತು.

"ಹಾಲು ಇಟ್ಟಿದ್ದೆ," ಎಂದಳು. "ಹಿತ್ತಲದಾಗ ಅರಿಬಿ ಒಣ ಹಾಕ್ಕೋತ ಅವರ ಕೂಡ ಮಾತಾಡ್ತಿದ್ದೆ. ಏನೋ ಹೇಳಾಕ ಶುರು ಮಾಡಿದ್ರು. ಉಕ್ಕಿದ ವಾಸನಿ ಬಂತು. ತಡೀರಿ, ಬಂದೆ ಅಂತ ಓಡಿದೆ. ಹಾಲು ಇಳಿಸಿದೆ. ಏನ್ರಿ ಹೇಳ್ರಿ ಅಂದೆ. ಬಂದ್ಯಾ ಶೇವಂತಾ, ಅಂತು." ಅವಳು ಬಾಗಿಲಿನಾಚೆ ಹಿತ್ತಲ ಕಡೆ ಕೈ ಚಾಚಿದಳು. "ಇಲ್ಲಿಂದ ಹಿತ್ತಲಕ್ಕ ಎಂಟು ಹೆಜ್ಜಿ. ತಡದ್ರೋ ಇಲ್ಲೋ ಗೊತ್ತಿಲ್ಲ ನೋಡು."

ಹುಲಿಗೆಮ್ಮನಿಗೆ ಗೊತ್ತಿತ್ತು. ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ನಾಲ್ಕು ಭಾಗದಷ್ಟು ಅಣ್ಣ ತಡೆದಿದ್ದ. ಅದನ್ನು ಹೇಳಲಿಲ್ಲ.

"ಯಾರು ಹ್ವಾದ್ರು?" ಎಂದಿತು ಮಾಡದಿಂದ ಅಣ್ಣನ ಕಂಠ. "ಯಾರರೆ ತೀರಿಕೊಂಡ್ರೇನು?"

ದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಾದಿನಿಯ ಕಡೆ ಕೈ ಮಾಡಿದಳು, ನೀನೇ ಹೇಳು ಎಂಬಂತೆ.

"ಅಮರೇಶ," ಎಂದಳು ಹುಲಿಗೆಮ್ಮ. "ಅಮರೇಶ ಅಂತ."

ಕಂಠ ಒಂದು ಚಣ ತಡೆಯಿತು. ಆಮೇಲೆ, ಅಂಗಡಿಯಲ್ಲಿ ಹೊಸ ಅರಿವೆಯನ್ನು ಹೆಬ್ಬೆರಳಿನಿಂದ ಸವರಿ ನೋಡುವವನಂತೆ, ಮೆಲ್ಲಗೆ ಹೇಳಿಕೊಂಡಿತು.

"ಅಮರೇಶ. ಚಲೋ ಹೆಸರು. ಇಷ್ಟು ದಿನ ಆತು, ಈಕಿ ನಂಗ ಒಮ್ಮೆನೂ ಹೇಳ್ಲಿಲ್ಲ ನೋಡ್ರಿ. ಹೆಂಗಿದ್ರು ಅವ್ರು?"